ಊದುಬತ್ತಿ ಸೇದಿದ ಕಾರು

ಕಾರಿನಲ್ಲಿ ಕೂತ ತಕ್ಷಣ ಎಲ್ಲರೂ ರೇಡಿಯೋ ಹಾಕುತ್ತಾರೆ, ನಾನು ಆರಿಸುತ್ತೇನೆ. ಹಾಡಿನ ಗದ್ದಲದಲ್ಲಿ ಎಂಜಿನ್ನಿನ ನರಳಾಟ ಕೇಳಿಸದೆ ಹೋದರೆ ಎಂಬುದು ನನ್ನ ಭಯ. ಬಸ್ಸಿನ ಮಹಡಿಯಲ್ಲಿ ಕೂತಿದ್ದರೂ ಮುಂದೆ ಸಿಗ್ನಲ್ ಕೆಂಪಾದರೆ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ನನಗೆ ಕಾಯಿಲೆ ಬಂದಾಗ ಜಿ.ಪಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದೇನೂ ಕಷ್ಟವಲ್ಲ, ಕಾಯಿಲೆ ಇಲ್ಲದಾಗ ಹೋಗದಂತೆ ತಡೆಯುವುದೇ ಕಷ್ಟ ಎನ್ನುತ್ತಾಳೆ ನನ್ನ ಹೆಂಡತಿ ಶಶಿ. ಇಂಥವನ ಕೈಗೆ ಹೊಸ ಕಾರು ಸಿಕ್ಕಿದ್ದರೆ ಚಿಂತೆಗೆ ಕೆಲಸವಿಲ್ಲದೆ ನಾನು ಸೊರಗಿಹೋಗುತ್ತಿದ್ದೆನೇನೋ. ದೇವರು ದೊಡ್ಡವನು, ನನಗೆ ದಯಪಾಲಿಸಿದ್ದು ಒಂದು ಹಳೆಯ ಕೆಂಪು ಕಾರು.

ತೊಂಬತ್ತರ ದಶಕದ ಕೊನೆಯ ಮಾತು. ನಾವು ಆಗ ಲಂಡನ್ನಿನ ಹ್ಯಾರೋದಲ್ಲಿದ್ದೆವು. ಕಾರಿಗೆ ಆ ಬೇಸಿಗೆಯಿಂದ ಒಂದು ವಿಚಿತ್ರ ರೋಗ ಅಂಟಿತ್ತು. ಓಡುವಾಗ ಕುದುರೆ, ನಿಂತರೆ ಮಾತ್ರ 'ಸ್ಸ್ಸ್' ಎಂದು ಬುಸುಗುಡುತ್ತ, ನಡುಗುತ್ತ, ಬಿಕ್ಕುತ್ತ ಪ್ರಾಣ ಬಿಡುತ್ತಿತ್ತು. ಲಂಡನ್ನಿನಲ್ಲಿ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು ತಾನೆ? ಮನೆಯಿಂದ ಸೌತ್‌ಹಾಲ್‌ಗೆ ತರಕಾರಿ ತರಲು ಹೊರಟರೆ ಪ್ರತಿ ಸಿಗ್ನಲ್ಲಿನಲ್ಲೂ ಒಂದೊಂದು ಮರಣ, ಒಂದೊಂದು ಪುನರ್ಜನ್ಮ. ಗ್ಯಾರೇಜಿಗೆ ಒಯ್ದರೆ, ಇನ್‌ಸ್ಪೆಕ್ಟರ್ ಬಂದ ದಿನದ ಶಾಲೆಯ ಹಾಗೆ, ತೆಪ್ಪಗೆ ಇರುತ್ತಿತ್ತು. ಮೆಕ್ಯಾನಿಕ್ಕು ಕಾರನ್ನು ಬಿಟ್ಟು ನನ್ನ ಮುಖವನ್ನು ನೋಡುತ್ತಿದ್ದ.

ಇಷ್ಟರಲ್ಲಿ ಕುಂದಾಪುರದಿಂದ ನಮ್ಮ ಅತ್ತೆ, ಶಶಿಯ ತಾಯಿ, ಬಂದರು. ಅವರು ಟ್ಯೂಬ್ ರೈಲು ಹತ್ತುವುದಿಲ್ಲ. "ನೆಲದ ಅಡಿಗ್ ಹೋಪುಕೆ ನಾನೆಂತ ಹೆಗ್ಗಣವಾ?" ಎಂದು ಮೊದಲ ದಿನವೇ ಕೇಳಿಬಿಟ್ಟಿದ್ದರು. ಹ್ಯಾರೋದಿಂದ ಹೊರಡುವ ರೈಲು ಬಹಳ ದೂರ ನೆಲದ ಮೇಲೆಯೇ ಓಡುತ್ತದೆ ಎಂದು ನಾನು ವಾದಿಸಿ ಸೋತೆ. ಹೀಗಾಗಿ ಅವರ ಲಂಡನ್ ದರ್ಶನವೆಲ್ಲ ಕೆಂಪು ಕಾರಿನ ಕೃಪೆ. ಒಂದು ಶನಿವಾರ ದೊಡ್ಡ ರೌಂಡಬೌಟಿನ ಬಾಯಲ್ಲೇ ಕಾರು ಕಣ್ಣು ಮುಚ್ಚಿತು. ಹಿಂದಿನಿಂದ ಬಸ್ಸೊಂದು ಹಾರ್ನ್ ಒತ್ತಿತು. ಅತ್ತೆ ಗಾಜು ಇಳಿಸಿ ತಲೆ ಹೊರಗೆ ಹಾಕಿ, "ಎಂತ ಅವಸ್ರ ಮಾರ್ರೆ ನಿಮ್ಗೆ? ಬಸ್ಸಂಗೆ ಹೆರ್ಗಿ ಕೇಸ್ ಇತ್ತಾ?" ಎಂದು ಕೂಗಿದರು. ಡ್ರೈವರ್‌ಗೆ ಏನು ಅರ್ಥವಾಯಿತೋ, ಹಾರ್ನ್ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಶಶಿ ಮಾತಾಡಲಿಲ್ಲ. ಅವಳು ಮಾತಾಡದೆ ಇದ್ದರೆ ಏನೋ ತೀರ್ಮಾನವಾಗಿದೆ ಎಂದು ಅರ್ಥ.

ಮನೆಗೆ ಬಂದವಳೇ ಗುಜರಿಯವನಿಗೆ ಫೋನ್ ಮಾಡಿದಳು. "ಮುಂದಿನ ವಾರ ಭಾನುವಾರ ವಿಜಯದಶಮಿ. ಅವನು ಮಾರನೇ ದಿನ ಸೋಮವಾರ ಬೆಳಿಗ್ಗೆ ಬರ್ತಾನೆ. ಅಷ್ಟರೊಳಗೆ ಸರಿಯಾದ್ರೆ ಇರ್ಲಿ, ಇಲ್ಲದಿದ್ರೆ ಹೋಗ್ಲಿ" ಎಂದಳು. ಲಂಡನ್ನಿನಲ್ಲಿ ನನ್ನದು ಎಂದು ಹೇಳಿಕೊಳ್ಳಬಹುದಾದದ್ದು ಅದೊಂದೇ. ಮನೆ ಬ್ಯಾಂಕಿನದು, ಟಿವಿ ರಿಮೋಟು ಮಗಳದು, ಅಡಿಗೆಮನೆ ಈಗ ಅತ್ತೆಯದು. ಕಾರಿನ ಸ್ಟೀರಿಂಗಿನ ಹಿಂದೆ ಕೂತಾಗ ಮಾತ್ರ ನಾನು ಯಜಮಾನ. ಅದನ್ನೂ ಲಾರಿಯ ಮೇಲೆ ಎತ್ತಿಹಾಕಿಕೊಂಡು ಹೋಗುತ್ತಾರೆಂದರೆ?

ಕಿಂಗ್ಸ್‌ಬರಿಯ ಫೆಲಿಕ್ಸ್‌ಗೆ ಮೊರೆಯಿಟ್ಟೆ. ಫೆಲಿಕ್ಸ್ ಮಂಗಳೂರಿನ ಕಡೆಯವನು; ಮನೆಮಾತು ಕೊಂಕಣಿ, ಕೆಲಸ ಗುಮಾಸ್ತಿಕೆ, ಆತ್ಮ ಮಾತ್ರ ಮೆಕ್ಯಾನಿಕ್ಕಿನದು. ಅವನು ಪ್ಲಗ್ ಬದಲಾಯಿಸಿದ, ಫಿಲ್ಟರ್ ಬದಲಾಯಿಸಿದ, ಕೊನೆಗೆ ತನ್ನ ಅಭಿಪ್ರಾಯವನ್ನೇ ಬದಲಾಯಿಸಿದ. "ಎಲ್ಲೋ ಗಾಳಿ ಎಳೀತಾ ಉಂಟು ಮಾರಾಯಾ. ಎಲ್ಲಿ ಅಂತ ಗೊತ್ತಾಗುದಿಲ್ಲ" ಎಂದು ಕೈ ಒರೆಸಿಕೊಂಡ.

ಮುಂದಿನ ಶನಿವಾರ ಆಯುಧಪೂಜೆ. ನಾಳಿದ್ದು ಗುಜರಿಗೆ ಹೋಗುವ ಕಾರಿಗೆ ಪೂಜೆ ಏಕೆಂದು ನಾನು ಮುಖ ಸಪ್ಪೆ ಮಾಡಿದರೂ ಅತ್ತೆ ಬಿಡಲಿಲ್ಲ. ಮನೆ ಮುಂದಿನ ಡ್ರೈವ್‌ವೇಯಲ್ಲಿ ಕಾರು ತೊಳೆದು, ಸೇವಂತಿಗೆ ಹಾರ ಹಾಕಿ, ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿಸಿ, ಒಳಗೆಲ್ಲ ಕುಂಕುಮ ಹಚ್ಚಿದರು. ಪಾಯಸಕ್ಕೆ ಪ್ರತಿವರ್ಷ ತಪ್ಪದೆ ಬರುವ ಫೆಲಿಕ್ಸ್ ಕೈಕಟ್ಟಿ ನಿಂತಿದ್ದ. ಅತ್ತೆ ಊದುಬತ್ತಿ ಹಚ್ಚಿ ಎಂಜಿನ್ನಿನ ಸುತ್ತ ಬೆಳಗತೊಡಗಿದರು. ಪೆಟ್ರೋಲಿಗೆ ಕಿಡಿ ತಗುಲಿ ಅತ್ತೆ, ಕಾರು, ನವರಾತ್ರಿ ಮೂರೂ ಒಟ್ಟಿಗೆ ಮೇಲಕ್ಕೆ ಹೋಗುವ ದೃಶ್ಯ ಕಣ್ಣಮುಂದೆ ಬಂದು ನಾನು ಬಕೆಟ್ ತರಲು ಓಡಿದೆ. ನೀರು ಹೊತ್ತು ಬರುವಷ್ಟರಲ್ಲಿ ಎಲ್ಲರೂ ಬಾನೆಟ್ಟಿನೊಳಗೆ ಬಗ್ಗಿದ್ದರು. ನೇರ ಏಳುತ್ತಿದ್ದ ಹೊಗೆ ಎಂಜಿನ್ನಿನ ಪಕ್ಕದ ಒಂದು ಮೂಲೆಗೆ ಬಂದಾಗ ತಟ್ಟನೆ ಬಾಗಿ, ಸಣ್ಣ ಸಂದಿಯೊಳಗೆ ಸುರ್ರನೆ ನುಗ್ಗುತ್ತಿತ್ತು.

"ಕಾಣಿ ಕಾಣಿ! ಗಾಡಿ ಧೂಪ ತಕಂತ್!" ಎಂದು ಅತ್ತೆ ಎರಡೂ ಕೆನ್ನೆ ಮುಟ್ಟಿಕೊಂಡರು.

"ಅಯ್ಯೋ ನನ್ನ ದೇವ್ರೇ, ಸಿಕ್ಕಿತು!" ಎಂದು ಫೆಲಿಕ್ಸ್ ಕುಣಿದ. "ಇನ್‌ಟೇಕ್ ಗ್ಯಾಸ್ಕೆಟ್ ಮಾರಾಯಾ! ಅಲ್ಲಿಂದಲೇ ಗಾಳಿ ಹೋಗ್ತಾ ಉಂಟು!" ಎಂಜಿನ್ನಿಗೂ ಅದರ ಉಸಿರಿನ ಕೊಳವೆಗೂ ನಡುವೆ ಹಪ್ಪಳದಷ್ಟು ತೆಳ್ಳಗಿನ ಒಂದು ಹಾಳೆ ಇರುತ್ತದಂತೆ, ಅದು ಮೂಲೆಯಲ್ಲಿ ಹರಿದಿತ್ತು. ಅವನು ಕುಂಕುಮದ ಕೈಯಲ್ಲೇ ಅಂಗಡಿಗೆ ಓಡಿ ಹೊಸದನ್ನು ತಂದ. ಈಗಲೇ ಬಿಚ್ಚೋಣ ಎಂದು ನಾನು ಒಳಗೆ ಹೋಗಿ ನೋಡಿದರೆ, ನನ್ನ ಸ್ಪ್ಯಾನರುಗಳೆಲ್ಲ ದೇವರ ಮುಂದೆ ಸಾಲಾಗಿ ಹೂವು ಮುಡಿದು ಕೂತಿದ್ದವು.

"ಪೂಜಿಗ್ ಇಟ್ಟದ್ ಮುಟ್ಟೂಕಾಗ. ನಾಳೆ ವಿಸರ್ಜನೆ ಆದ್ ಮೇಲೆ" ಎಂದರು ಅತ್ತೆ.

"ನನ್ನ ಸ್ಪ್ಯಾನರ್‌ಗೆ ಪೂಜೆ ಆಗ್ಲಿಲ್ಲ ಅಲ್ವಾ ಅಮ್ಮ, ಅದನ್ನು ತರ್ತೇನೆ" ಎಂದ ಫೆಲಿಕ್ಸ್.

"ನಿಮ್ ಸ್ಪ್ಯಾನರ್‌ಗ್ ಆಯ್ಲಿಲ್ಲ, ಸೈ. ಗಾಡಿಗ್ ಆಯ್ತಲೆ?"

ಫೆಲಿಕ್ಸ್ ಪಾಯಸಕ್ಕೆ ಕೂತ. ಆ ರಾತ್ರಿ ನಾನು ಮಲಗಿದ್ದೆ ಎಂದು ಶಶಿ ಹೇಳುತ್ತಾಳೆ, ನನಗೆ ನಂಬಿಕೆಯಿಲ್ಲ.

ಭಾನುವಾರ ವಿಸರ್ಜನೆ ಮುಗಿದದ್ದೇ ಹೂವು ಕೊಡವಿ ಕೆಲಸ ಶುರು. ವಿಜಯದಶಮಿ ವಿದ್ಯಾರಂಭಕ್ಕೆ ಒಳ್ಳೆಯ ದಿನವೆಂದು ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾರೆ. ತಲೆ ನರೆತ ನಾನು ಅಂದು ಮೊದಲ ನಟ್ಟು ಬಿಚ್ಚಿದೆ. ಯಾವುದು ಎಲ್ಲಿಯದೆಂದು ಮರೆತೀತು ಎಂಬ ಭಯಕ್ಕೆ ಶಶಿಯ ಮಸಾಲೆ ಡಬ್ಬಿಯ ಬಟ್ಟಲುಗಳನ್ನು ಖಾಲಿ ಮಾಡಿ ಅವುಗಳಲ್ಲಿ ನಟ್ಟುಗಳನ್ನು ಜೋಡಿಸಿಟ್ಟಿದ್ದೆ. ಅತ್ತೆ ಇಣುಕಿ, "ಇದೆಂತ ಒಗ್ಗರಣೆ?" ಎಂದರು. ಹಳೆಯ ಗ್ಯಾಸ್ಕೆಟ್ಟು ಕಾವಲಿಗೆ ಹತ್ತಿದ ಮೊದಲ ದೋಸೆಯಂತೆ ಕಚ್ಚಿಕೊಂಡಿತ್ತು. ದೋಸೆ ಮಗುಚುವ ಸಟ್ಟುಗವನ್ನು ಕದ್ದು ತಂದು ಕೆರೆದೆ. ಫೆಲಿಕ್ಸ್ ಕೈಪಿಡಿಯನ್ನು ಎತ್ತಿಹಿಡಿದು ಪಾದ್ರಿಯ ಧಾಟಿಯಲ್ಲಿ ಓದುತ್ತಿದ್ದ: ನಡುವಿನಿಂದ ಹೊರಕ್ಕೆ ಬಿಗಿಯಬೇಕು, ಅವಸರ ಮಾಡಬಾರದು, ಅತಿಯಾಗಿ ಬಿಗಿಯಬಾರದು. ಪ್ರತಿ ನಟ್ಟಿಗೂ ನಾನು "ಸಾಕಾ?" ಎನ್ನುತ್ತಿದ್ದೆ. "ಸಾಕು." "ಖಂಡಿತಾ ಸಾಕಾ?" "ನೀನು ಸಾಕು ಮಾರಾಯಾ ನಂಗೆ!" ಎಂದು ಅವನು ಪುಸ್ತಕ ಮಡಚಿದ.

ಸಂಜೆ ಎಲ್ಲರೂ ಡ್ರೈವ್‌ವೇಯಲ್ಲಿ ಸೇರಿದರು. ಮಗಳು ಕೂಡ ಟಿವಿ ಬಿಟ್ಟು ಬಂದು "ಡ್ಯಾಡ್, ಇಟ್ಸ್ ಗೋಯಿಂಗ್ ಟು ಎಕ್ಸ್‌ಪ್ಲೋಡ್, ಇಸಂಟ್ ಇಟ್?" ಎಂದು ಆಸೆಯಿಂದ ಕೇಳಿದಳು. ಕೀಲಿ ತಿರುಗಿಸಿದೆ. ಕಾರು ಒಮ್ಮೆ ಕೆಮ್ಮಿತು, ಆಮೇಲೆ ನಿಶ್ಶಬ್ದ. ಬುಸುಗುಟ್ಟುವಿಕೆಯಿಲ್ಲ, ಬಿಕ್ಕಳಿಕೆಯಿಲ್ಲ, ಏನೂ ಇಲ್ಲ. ಹೋಯಿತು, ನಾನೇ ಕೈಯಾರ ಕೊಂದೆ ಎಂದುಕೊಂಡು ಕೀಲಿಯನ್ನು ಇನ್ನೊಮ್ಮೆ ತಿರುಗಿಸಿದೆ. ಕರ್ರ್ರ್ ಎಂಬ ಭಯಂಕರ ಕಿರುಚಾಟ!

"ಬಿಡಿ ಮಾರ್ರೆ, ಅದ್ ಬದ್ಕಿತ್ತ್!" ಎಂದು ಅತ್ತೆ ಕೂಗಿದರು. "ನಡುಗುದ್ ಈಗ ನೀವ್ ಮಾತ್ರ!"

ಸದ್ದಿಲ್ಲದೆ ಓಡುತ್ತಿದ್ದ ಎಂಜಿನ್ನಿಗೇ ನಾನು ಮತ್ತೆ ಕೀಲಿ ತಿರುಗಿಸಿದ್ದೆ. ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿದೆ. ಮಲಗಿದ ಮಗುವಿನ ಎದೆಯಂತೆ ಮೆಲ್ಲಗೆ ಮಿಡಿಯುತ್ತಿತ್ತು. ಶಶಿ ಏನೂ ಹೇಳದೆ ಒಳಗೆ ಹೋಗಿ ಗುಜರಿಯವನಿಗೆ ಬೇಡವೆಂದು ಫೋನ್ ಮಾಡಿದಳು. ನಾನೂ ಫೆಲಿಕ್ಸೂ ಉಳಿದ ಪಾಯಸವನ್ನು ಪಾತ್ರೆಯಿಂದಲೇ ಮುಗಿಸಿದೆವು.

ಸೋಮವಾರ ಬೆಳಿಗ್ಗೆ ಶಶಿ ಮೊಳೆಯಿಂದ ಕೀಲಿ ತೆಗೆದುಕೊಂಡಳು. ಅವಳಿಗೂ ಲೈಸೆನ್ಸ್ ಇದೆ ಎಂಬುದು ನನಗೆ ಮರೆತೇಹೋಗಿತ್ತು. "ಸಿಗ್ನಲ್ಲಲ್ಲಿ ನಿಲ್ತಾ ಇತ್ತಲ್ಲ ಅಂತ ಸುಮ್ಮನಿದ್ದೆ. ಈಗೇನು, ಚೆನ್ನಾಗಿದೆಯಲ್ಲ" ಎಂದು ಹಿಮ್ಮುಖವಾಗಿ ಒಂದೇ ಬೀಸಿಗೆ ರಸ್ತೆಗೆ ಇಳಿಸಿ ಹೊರಟೇಹೋದಳು. ಅಂದಿನಿಂದ ನಾನು ಮೆಟ್ರೊಪಾಲಿಟನ್ ಲೈನಿನ ರೈಲಿನಲ್ಲಿ ನೇತಾಡುತ್ತ ಆಫೀಸಿಗೆ ಹೋಗತೊಡಗಿದೆ. ಅತ್ತೆ ಊರಿಗೆ ಮರಳಿದ ಮೇಲೆ ವಾರದ ಕೊನೆಗೆ ಶಶಿ, ಮಗಳು ಮುಂದೆ ಕೂತು, ರೇಡಿಯೋ ಜೋರಾಗಿ ಹಾಕಿಕೊಂಡು, ಸೌತ್‌ಹಾಲ್‌ಗೆ ಹೋಗುತ್ತಿದ್ದರು. ಬರುವಾಗ ಹಿಂದಿನ ಸೀಟಿನಲ್ಲಿ ಬಾಳೆಕಾಯಿ, ಸೌತೆಕಾಯಿ ಇರುತ್ತಿದ್ದುದರಿಂದ ನನಗೆ ಜಾಗವಿರಲಿಲ್ಲ.

ಆ ದಿನಗಳ ಒಂದು ಸಂಜೆ ಇಬ್ಬರೂ ದೇವಸ್ಥಾನಕ್ಕೆ ನಡೆದು ಹೋಗಿದ್ದಾಗ ನನಗೊಂದು ದುರ್ಬುದ್ಧಿ ಹುಟ್ಟಿತು. ಒಂದೇ ಒಂದು ನಟ್ಟನ್ನು ಕಾಲು ಸುತ್ತು ಸಡಿಲಿಸಿದರೆ ಸಾಕು. ಕಾರು ಬುಸುಗುಟ್ಟುತ್ತದೆ, ಸಿಗ್ನಲ್ಲಿನಲ್ಲಿ ಸಾಯುತ್ತದೆ, ಮತ್ತೆ ನನ್ನದಾಗುತ್ತದೆ. ಸ್ಪ್ಯಾನರ್ ಹಿಡಿದು ಕಳ್ಳನಂತೆ ಹೋಗಿ ಬಾನೆಟ್ ಎತ್ತಿದೆ. ನಟ್ಟಿಗೆ ಸ್ಪ್ಯಾನರ್ ಕೂರಿಸಿದಾಗ ಒಂಚೂರು ಅಲುಗಿದಂತೆ ಅನಿಸಿತು. ಅಯ್ಯೋ, ಇದು ಆಗಲೇ ಸಡಿಲವಾಗಿದ್ದರೆ? ಶಶಿ ಬೆಳಗಾದರೆ ಇದರಲ್ಲೇ ಅಲ್ಲವೇ ಹೋಗುವುದು? ನಡುವಿನಿಂದ ಹೊರಕ್ಕೆ, ಅವಸರ ಮಾಡದೆ, ಎಲ್ಲವನ್ನೂ ಇನ್ನೊಂದು ಸಲ ಬಿಗಿಮಾಡಿ ಒಳಗೆ ಬಂದೆ.