ಹುಲ್ಲಪ್ಪನ ಪಾದದ ಗಂಟು

ಹುಲ್ಲಪ್ಪನ ಎಡಪಾದದ ಹೊರಮಗ್ಗುಲಿಗೆ ಅಡಕೆ ಗಾತ್ರದ ಒಂದು ಗಂಟು ಎದ್ದಿತ್ತು. ಅವನಿಗೆ ಅದು ಸಾಕಿದ ಮೊಲದಷ್ಟು ಮುದ್ದು.

ಕಾರಣವಿತ್ತು. ಸಾವಿರದ ಒಂಬೈನೂರ ಐವತ್ತೈದರ ಸುಮಾರಿನ ಇಳಕಲ್ಲಿನ ಓಣಿಗಳು ಏಳುತ್ತಿದ್ದುದೇ ಮಗ್ಗದ ಸದ್ದಿಗೆ. ನೇಕಾರರೆಲ್ಲ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುವವರು. ನೇಕಾರರ ಸಂಘದ ಸೀರೆ ಅಂಗಡಿಯಲ್ಲಿ ಮಾತ್ರ ಬಿಳಿ ಗಾದಿ. ಚಕ್ಕಳಮಕ್ಕಳ ಹಾಕಿ ಕೂತು, ಊರೂರಿನ ಹೆಣ್ಣುಮಕ್ಕಳೊಡನೆ ಮಾತಾಡುತ್ತ ಸೀರೆ ಬಿಚ್ಚಿ ತೋರಿಸುವುದಷ್ಟೇ ಕೆಲಸ. ಆ ಜಾಗ ತೆರವಾಗಿತ್ತು. ಗಂಟಿನ ಬೇನೆಗೆ ಹಲಗೆ ತುಳಿಯಲಾಗದೆಂದು ಹೇಳಿ ಹುಲ್ಲಪ್ಪ ಅದನ್ನು ಕೇಳಿದ್ದ.

"ಗಂಟು ಎಲುಬಿಗೆ ಹತ್ತಿದ್ರ ಗಾದಿ ನಿಂದು. ಬರೇ ಗಂಟಾದ್ರ ಕುಣಿಗೆ ಇಳಿ. ಡಾಕ್ಟರು ಹೇಳಿದ್ದ ಕಡೀ ಮಾತು," ಎಂದರು ಸಂಘದ ಹಿರಿಯ ಅಮಾತೆಪ್ಪ. ತಾವೇ ಅವನನ್ನು ಬಾಗಲಕೋಟೆಗೆ ಕರೆದುಕೊಂಡು ಹೊರಟರು. ಪಕ್ಕದ ಮನೆಯ ನೇಕಾರ ಖಾಸಿಂಸಾಬ ಕರೆಯದೆಯೇ ಬಸ್ಸು ಹತ್ತಿದ.

ಆಗಿನ ಬಸ್ಸಿನಲ್ಲಿ ಒಬ್ಬರ ಬೇನೆ ಎಲ್ಲರ ಬೇನೆ. ಹುನಗುಂದ ದಾಟುವಷ್ಟರಲ್ಲಿ ಸುಣ್ಣ ಹಚ್ಚು ಎಂದವರೊಬ್ಬರು, ಎಕ್ಕದ ಎಲೆ ಕಟ್ಟು ಎಂದವರೊಬ್ಬರು.

"ಇಷ್ಟಕ್ಕ ದವಾಖಾನಿ ಯಾಕಲೇ? ನಮ್ಮಜ್ಜ ಹಿಂಗ ಮಾಡ್ತಿದ್ದ," ಎನ್ನುತ್ತ ಖಾಸಿಂಸಾಬ ಎರಡೂ ಹೆಬ್ಬೆರಳಿಂದ ಒತ್ತಿಯೇ ಬಿಟ್ಟ. ಪಚಕ್! ಗಂಟು ಮಾಯ.

"ಅಯ್ಯೋ, ನನ್ನ ಗಾದಿ ಒಡದ್ಯಲ್ಲೋ ಪುಣ್ಯಾತ್ಮಾ!"

"ಬ್ಯಾನಿ ಹೋತಿಲ್ಲೋ?"

"ಬ್ಯಾನಿ ಯಾರಿಗಿತ್ತಲೇ!"

ಮುಂದಿನ ಸೀಟಿನಲ್ಲಿ ಅಮಾತೆಪ್ಪ ಗೊರಕೆ ಹೊಡೆಯುತ್ತಿದ್ದುದೊಂದೇ ಪುಣ್ಯ.

"ಗಂಟು ಎಲ್ಲದಪಾ?" ಎಂದರು ಬಾಗಲಕೋಟೆಯ ಡಾಕ್ಟರು, ಪಾದ ತಡವಿ. ಹುಲ್ಲಪ್ಪ ಮದುವೆ ಮುರಿದ ವರನಂತೆ ನಿಂತ. "ಇರಲಿ, ಬಂದೀರಿ, ಎಲುಬಿನ ಫೋಟೋ ತಗಸೋಣ," ಎಂದು ಎಕ್ಸ್‌ರೇ ತೆಗೆಸಿದರು. ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದಾಗ ಅವರ ಹುಬ್ಬೇರಿತು.

"ನೋಡ್ರಿಲ್ಲೆ, ಎಲುಬಿನ ಅಂಚಿನಾಗ ಬೆರಳು ಒತ್ತಿದಂಗ ನುಣ್ಣನ ತಗ್ಗು. ಗಂಟಿನೊಳಗ ಇರೋದು ಬರೇ ಲೋಳಿ. ಆದ್ರ ವರ್ಷಗಟ್ಟಲೆ ಒತ್ತಿದ್ರ ಎಲುಬೂ ಸವೀತದ."

"ಎಲುಬಿಗೆ ಹತ್ತೇತಿ ಕಾಕಾ!" ಹುಲ್ಲಪ್ಪ ಕಾಳಗ ಗೆದ್ದ ಹುಂಜದಂತೆ ಎದೆಯುಬ್ಬಿಸಿದ.

"ಗಾದಿ ನಿಂದನೋ ಮಗನ," ಎಂದು ಅಮಾತೆಪ್ಪ ಬೆನ್ನು ತಟ್ಟಿದರು.

"ತಡೀರಿ," ಎಂದರು ಡಾಕ್ಟರು. "ಮನ್ಯಾಗ ಹೆಂಗ ಕೂಡ್ತೀಪಾ?"

ಗಾದಿಗೆ ತಾನು ಎಷ್ಟು ಒಪ್ಪುತ್ತೇನೆಂದು ಹಿರಿಯರಿಗೂ ಕಾಣಲಿ ಎಂದು ಹುಲ್ಲಪ್ಪ ನೆಲದ ಮೇಲೆ ಠೀವಿಯಿಂದ ಚಕ್ಕಳಮಕ್ಕಳ ಹಾಕಿದ. "ಹಿಂಗರಿ. ಊಟಕ್ಕೂ ಹಿಂಗ, ಭಜನಿಗೂ ಹಿಂಗ. ದಿನಾಪೂರ್ತಿ ಕೂಡಂದ್ರೂ ಕೂಡ್ತೇನ್ರಿ."

ಡಾಕ್ಟರು ಬಗ್ಗಿ, ನೆಲಕ್ಕೊತ್ತಿದ್ದ ಪಾದದ ಹೊರಮಗ್ಗುಲನ್ನು ಮುಟ್ಟಿ ತೋರಿಸಿದರು.

"ಒತ್ತೋದು ಇಲ್ಲೇ. ಮತ್ತ ಹಿಂಗ ಕೂತ್ರ ಗಂಟು ತಿರುಗಿ ಬರ್ತದ, ತಗ್ಗು ಆಳ ಆಗ್ತದ. ಇನ್ನ ಕಾಲು ಮಡಚಿ ಕೂಡಂಗಿಲ್ಲ. ಕಾಲು ಇಳಿಬಿಟ್ಟು, ಪಾದ ಆಡಿಸಿಕೋತ ಮಾಡೋ ಕೆಲಸ ಭಾಳ ಚಲೋ. ಅಂಥಾದ್ದು ಸಿಗ್ತದೇನ್ರಿ ನಿಮ್ಮೂರಾಗ?"

ಅಮಾತೆಪ್ಪ ಹುಲ್ಲಪ್ಪನನ್ನು ಕನಿಕರದಿಂದ ನೋಡಿದರು. "ಅವರಪ್ಪ ಅವರ ಮನ್ಯಾಗ ಮಗ್ಗದ ಕುಣಿ ತೋಡಿಟ್ಟು ಹೋಗ್ಯಾನ್ರಿ."

ಖಾಸಿಂಸಾಬ ಗಂಟಲು ಸರಿಮಾಡಿಕೊಂಡ. "ಹಂಗಾರ ಕಾಕಾ, ಗಾದಿ ಖಾಲೀನ ಉಳೀತಲ್ಲ?"