ಐದು ಆಂಪಿಯರಿನಲ್ಲಿ ಅತ್ತೆ

ಮಾಂಸ, ಗೋಧಿನುಚ್ಚಿನ ಕಿಬ್ಬೆಯ ತಟ್ಟೆಯನ್ನು ಒವನ್ನಿಗೆ ತಳ್ಳುವಾಗ ನುಹಾ ಗೀಸರ್ ಆರಿಸಲು ಮರೆತಳು. ಸರ್ಕಾರಿ ಕರೆಂಟಿಲ್ಲದ ಬೈರೂತಿನಲ್ಲಿ ಬೀದಿಯ ಜನರೇಟರಿನವನು ಮನೆಗೆ ಕೊಡುವುದು ಐದೇ ಆಂಪಿಯರ್. ಟಪ್ ಎಂದಿತು. ಗಂಡ ವದೀ ಮೆಟ್ಟಿಲ ಬಳಿ ಹೋಗಿ ಬಿದ್ದ ಸ್ವಿಚ್ಚನ್ನು ಎತ್ತಿ ಬರುವಷ್ಟರಲ್ಲಿ, ಟೀವಿ ಪಕ್ಕದ ಕಪ್ಪು ಸರ್ವರ್ ಹಸಿದ ಕೋಳಿಮರಿಯಂತೆ ಕೀಂ ಕೀಂ ಎನ್ನುತ್ತಿತ್ತು. ಕೆಂಪು ದೀಪ. ಟೀವಿಯಲ್ಲಿ ಅದರ ಹೆಸರೇ ಇಲ್ಲ.

ಅದರೊಳಗೆ ವದೀಯ ಅತ್ತೆ, ನುಹಾಳ ಅಮ್ಮ, ಇದ್ದರು. ತೀರಿಕೊಳ್ಳುವ ವರ್ಷ ವದೀಯೇ ತೆಗೆದ ವೀಡಿಯೊ. ‘ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತೆ, ಸರ್ವರ್‌ನಲ್ಲಿ ನೂರು ವರ್ಷ ಇರ್ತಾರೆ’ ಎಂದು ನಕಲು ಮಾಡಿ, ಕ್ಯಾಸೆಟ್ಟನ್ನು ಕಸಕ್ಕೆ ಹಾಕಿದವನೂ ಅವನೇ. ಅಮ್ಮನನ್ನು ನೋಡಲು ನುಹಾಳ ಇಬ್ಬರು ಅಕ್ಕಂದಿರು ಎರಡು ಗಂಟೆಗೆ ಊಟಕ್ಕೆ ಬರುವವರಿದ್ದರು.

“ಅಮ್ಮ ಹೋದ್ಲಾ?”

“ಇನ್ನೂ ಗೊತ್ತಿಲ್ಲ.”

“ಎರಡನೇ ಸಲ ಹೋದ್ರೆ ಅಕ್ಕಂದಿರಿಗೆ ನೀನೇ ಹೇಳು.”

ಕೀಂ ಕೀಂ ಕೇಳಿ ಎದುರುಮನೆಯ ಉಮ್ ನಬೀಹ್ ಬಂದಳು. “ಎರಡೇಟು ಕೊಡಪ್ಪ. ನನ್ನ ರೇಡಿಯೋ ಹಾಗೇ ದಾರಿಗೆ ಬಂದಿದ್ದು.”

ಹಿಂದೆಯೇ ಮೂರನೇ ಮಹಡಿಯ ಹಲೀಮ್. ಕುವೈತಿನಲ್ಲಿ ಇಪ್ಪತ್ತು ವರ್ಷ ಫ್ರಿಜ್ ರಿಪೇರಿ ಮಾಡಿದವನು. “ಮುಟ್ಬೇಡಿ! ಫ್ರಿಜ್ ಆಗ್ಲಿ ಇದಾಗ್ಲಿ, ಧೂಳೇ ಶತ್ರು.”

ವದೀ ಲ್ಯಾಪ್‌ಟಾಪ್ ತೆರೆದ. ಸರ್ವರ್ ಬದುಕಿತ್ತು. ‘ಡಿಸ್ಕ್ ತಪಾಸಣೆ: ಶೇಕಡಾ ನಾಲ್ಕು. ವಿದ್ಯುತ್ ತೆಗೆಯಬೇಡಿ.’

“ನೋಡಿ, ತಾನೇ ಸರಿಮಾಡಿಕೊಳ್ತಿದೆ. ಯಾರೂ ಏನೂ ಮಾಡೋದು ಬೇಡ...”

ಅಷ್ಟರಲ್ಲಿ ಹಲೀಮ್ ಧೂಳು ಊದಲು ನುಹಾಳ ಹೇರ್ ಡ್ರೈಯರ್ ಹಾಕಿದ. ಟಪ್. ಶೇಕಡಾ ಸೊನ್ನೆ.

ಎರಡನೇ ಸಲ ಮೂವತ್ತೊಂದರವರೆಗೆ ಹೋಯಿತು. ಆಗ ಜನರೇಟರೇ ಕೆಮ್ಮಿ ನಿಂತಿತು. ವದೀ ಕೆಳಗೋಡಿದ. ಜನರೇಟರಿನ ಅಬು ತನ್ನೂಸ್ ಸಿಗರೇಟು ತುಟಿಯಲ್ಲಿಟ್ಟುಕೊಂಡೇ ಬೈದ. “ಒಂಬತ್ತು ಮನೇಲೂ ಒಗೆಯೋ ಯಂತ್ರ ಹಾಕಿದ್ರೆ ನನ್ನ ಮುದುಕ ಹೆಂಗೆ ಎಳೀತಾನೆ, ಉಸ್ತಾದ್? ಭಾರ ಇಳಿಸಿ, ಎರಡರವರೆಗೆ ನಾ ಗ್ಯಾರಂಟಿ.”

ಆಮೇಲೆ ನಡೆದದ್ದು ಆ ಕಟ್ಟಡದಲ್ಲಿ ಎಂದೂ ನಡೆದಿರಲಿಲ್ಲ. ಉಮ್ ನಬೀಹ್ ಬಾಗಿಲು ಬಾಗಿಲು ತಟ್ಟಿದಳು. ಬಟ್ಟೆಗಳು ಸೋಪಿನ ನೀರಿನಲ್ಲೇ ನಿಂತವು. ಲಿಫ್ಟು ಆರಿತು. ಮೆಟ್ಟಿಲ ದೀಪಕ್ಕಾಗಿ ವರ್ಷವಿಡೀ ಜಗಳವಾಡುವ ಎರಡನೇ ಮಹಡಿಯವರು ಫ್ರಿಜ್ಜಿನ ವೈರನ್ನೇ ಕಿತ್ತರು. ಹಲೀಮ್ ಕಿಬ್ಬೆಯ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಬೀದಿಯ ಬೇಕರಿಯಲ್ಲಿ ಬೇಯಿಸಿ ತಂದ. ಗಳಿಗೆಗೊಮ್ಮೆ ಯಾರಾದರೂ ಇಣುಕುತ್ತಿದ್ದರು. “ಎಷ್ಟಾಯ್ತು?”

“ಅರವತ್ತೆಂಟು.”

“ದೇವರು ದೊಡ್ಡವನು!”

ವದೀಯ ಕಣ್ಣು ತುಂಬಿತು. “ನುಹಾ, ನಿನ್ನಮ್ಮನ ಮೇಲೆ ಇವರಿಗೆ ಎಷ್ಟು ಪ್ರೀತಿ!”

ನುಹಾ ತಲೆ ತಗ್ಗಿಸಿ ಪಾರ್ಸ್ಲಿ ಸೊಪ್ಪು ಹೆಚ್ಚುತ್ತಿದ್ದಳು.

ಎರಡಕ್ಕೆ ಹತ್ತು ನಿಮಿಷವಿರುವಾಗ ದೀಪ ಹಸಿರಾಯಿತು. ಉಮ್ ನಬೀಹ್ ಮದುವೆಮನೆಯಂತೆ ನಾಲಗೆಯಾಡಿಸಿ ಕೇಕೆ ಹಾಕಿದಳು. ಮರುಗಳಿಗೆ ಕೋಣೆ ಖಾಲಿ. ಅತ್ತೆ ಹೇಗಿದ್ದಾರೆಂದು ಯಾರೂ ಕೇಳಲಿಲ್ಲ. ಎಲ್ಲ ಕಿಟಕಿಗಳಿಂದಲೂ ಒಂದೇ ಸಂಗೀತ ತೇಲಿಬಂತು.

ವದೀ ಲ್ಯಾಪ್‌ಟಾಪ್ ನೋಡಿದ. ಸರ್ವರ್‌ಗೆ ಒಂಬತ್ತು ಟೀವಿಗಳು ಅಂಟಿಕೊಂಡಿದ್ದವು. ‘ಅತ್ತೆ’ ಎಂಬ ಫೋಲ್ಡರಿನ ಪಕ್ಕದಲ್ಲೇ ‘ಹಲೀಮ್’ ಎಂಬ ಇನ್ನೊಂದು. ಅದರೊಳಗೆ ಡಮಾಸ್ಕಸ್ಸಿನ ಹಳೆಯ ಧಾರಾವಾಹಿಯೊಂದರ ಮೂವತ್ತು ಕಂತು.

“ಪಾಸ್‌ವರ್ಡ್ ಯಾರು ಕೊಟ್ಟಿದ್ದು?”

“ಉಮ್ ನಬೀಹ್ ಕೇಳಿದ್ಲು. ಉಪ್ಪು ಕೇಳಿದ್ರೆ ಕೊಡಲ್ವಾ?” ಎಂದಳು ನುಹಾ.

ಆಗಲೇ ಅಕ್ಕಂದಿರು ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದರು. ವದೀ ವೀಡಿಯೊ ಒತ್ತಿದ. ಅತ್ತೆ ಸೋಫಾದ ಮೇಲೆ ಕಾಣಿಸಿದರು, ಬಾಯಿ ತೆರೆದರು, ಚಿತ್ರ ಹಾಗೇ ನಿಂತಿತು. ಒಂಬತ್ತು ಮನೆ ಒಟ್ಟಿಗೆ ಎಳೆಯುತ್ತಿದ್ದುದರಿಂದ ಅತ್ತೆಯ ಪಾಲಿಗೆ ಏನೂ ಉಳಿದಿರಲಿಲ್ಲ.

ಅಕ್ಕಂದಿರು ಕರವಸ್ತ್ರ ಹಿಡಿದು ಐದು ನಿಮಿಷ ಕಾದರು. ಹಿರಿಯಕ್ಕ ಕಿವಿ ನಿಮಿರಿಸಿದಳು. “ಈ ಸಂಗೀತ... ನಮ್ಮ ಧಾರಾವಾಹಿ ಅಲ್ವೇನೇ? ಮದುವೆ ನಡೀತಾ?”

“ಇವತ್ತೇ ನಡೆಯೋದು,” ನುಹಾ ಕಿಬ್ಬೆಯ ತಟ್ಟೆ ಎತ್ತಿಕೊಂಡಳು. “ಉಮ್ ನಬೀಹ್ ಟೀವಿ ದೊಡ್ಡದು, ಬನ್ನಿ. ವದೀ, ಅಮ್ಮ ಮಾತಾಡಿದ್ರೆ ಕೂಗು.”

ಬಾಗಿಲು ಮುಚ್ಚಿತು. ವದೀ ಬರಿಯ ರೊಟ್ಟಿ ಮುರಿದುಕೊಂಡು ಅತ್ತೆಯೆದುರು ಕುಳಿತ. ಮೂರನೇ ತುತ್ತಿಗೆ ಅವರು ಕಣ್ಣು ಮಿಟುಕಿಸಿದರು. ನೇರ ಅವನನ್ನೇ ನೋಡಿದರು.

“ಆ ಕ್ಯಾಮೆರಾ ಆಫ್ ಮಾಡು ಅಳಿಯಾ,” ಎಂದರು, “ಅಡ್ಡ ಬೇರೆ ನಿಂತಿದ್ದೀಯ. ನನ್ನ ಧಾರಾವಾಹಿ ಶುರುವಾಯ್ತು.”