ವೆಂಡೆಲನ ಪಿಸ್ತೂಲಿನ ಕುದುರೆ

ವೆಂಡೆಲನ ಪಿಸ್ತೂಲಿನ ಕುದುರೆ ಹೆಸರಿಗಷ್ಟೇ ಕುದುರೆ, ಸ್ವಭಾವದಲ್ಲಿ ಕತ್ತೆ. ಗುಂಡು ಹಾರಿಸಲು ಬೆರಳಿನಿಂದ ಎಳೆದರೆ ಮೊದಲು ಸುಮ್ಮನೆ ನಿಲ್ಲುತ್ತಿತ್ತು, ಆಮೇಲೆ ಕೆರೆದುಕೊಂಡು ಒಂದಿಷ್ಟು ಸರಿಯುತ್ತಿತ್ತು, ಕೈ ನಡುಗತೊಡಗಿದ ಮೇಲೆ ಒದೆಯುತ್ತಿತ್ತು. ಹೀಗಾಗಿ ಈಸ್ಟರಿನ ಹಿಂದಿನ ದಿನ ಊರಿನ ಪಿಸ್ತೂಲು ಕ್ಲಬ್ಬು ನಡೆಸುವ ಗುರಿ ಪಂದ್ಯದಲ್ಲಿ ಅವನಿಗೆ ಒಂದು ವರ್ಷವೂ ಬಹುಮಾನದ ಹಂದಿತೊಡೆ, ಅದೇ ಹ್ಯಾಮ್, ಸಿಕ್ಕಿರಲಿಲ್ಲ. ಹಬ್ಬದೂಟಕ್ಕೆ ಬರುವ ಅತ್ತೆ ಅಂಗಡಿಯ ಹ್ಯಾಮನ್ನು ಫೋರ್ಕಿನಿಂದ ಚುಚ್ಚಿ, ಈ ಸಲವೂ ಹಂದಿ ತಪ್ಪಿಸಿಕೊಂಡಿತೇ ಎಂದು ವಿಚಾರಿಸುತ್ತಿದ್ದರು.

ಸ್ಕೂಲ್ ಬಸ್ ಓಡಿಸುವ ವೆಂಡೆಲ್ ಈ ಸಲ ಪಿಸ್ತೂಲಿಗೆ ಬಸ್ಸಿಗೂ ತೋರಿಸದ ಮಮತೆ ತೋರಿಸಿದ. ಹೊಸ ಕುದುರೆ, ಹೊಸ ಸ್ಪ್ರಿಂಗು ತರಿಸಿ, ಪಂದ್ಯದ ಬೆಳಗ್ಗೆ ಗ್ಯಾರೇಜಿನಲ್ಲಿ ಕೂತು ಜೋಡಿಸಿದ. ವಾಸನೆ ಹಿಡಿದವನಂತೆ ಪಕ್ಕದ ಮನೆಯ ಆರ್ವಿಲ್ ಕಾಫಿ ಲೋಟದೊಂದಿಗೆ ಬಂದ. ಈ ಜಾತಿಯ ಪಿಸ್ತೂಲನ್ನು ಗುಂಡಿಲ್ಲದೆ ಖಾಲಿ ಹೊಡೆದರೆ ಒಳಗಿನ ಸೂಜಿ ಕೊಳವೆಯ ಅಂಚಿಗೇ ಬಡಿದು ಮೊಂಡಾಗುತ್ತದೆ. ಅದಕ್ಕೇ ಗುಂಡಿನ ಜಾಗದಲ್ಲಿ, ಗೋಡೆಗೆ ಸ್ಕ್ರೂ ಕೂರಿಸುವ ಹಳದಿ ಪ್ಲಾಸ್ಟಿಕ್ ಪ್ಲಗ್ಗು ಇಡುವುದು ಇಲ್ಲಿಯವರ ಪದ್ಧತಿ. ಆರ್ವಿಲ್ ನಶ್ಯದ ಡಬ್ಬಿ ತೆಗೆಯುವವನಂತೆ ಜೇಬಿನಿಂದ ಒಂದು ಪ್ಲಗ್ಗು ತೆಗೆದು, ತುರುಕಿ, ಕುದುರೆ ಎಳೆದು ಟಕ್ ಎನಿಸಿದ.

"ಬೆಣ್ಣೆ ಕಣೋ. ಆದ್ರೆ ಮೈ ನೋಡು, ಕಜ್ಜಿ ನಾಯಿ ಥರ ಇದೆ."

ವೆಂಡೆಲ್ ಕಪ್ಪುನೀಲಿ ಬಣ್ಣ ಹಿಡಿಸುವ ದ್ರಾವಣವನ್ನೂ ತಂದಿದ್ದ. ಲೋಹ ಬೆಚ್ಚಗಿದ್ದರೆ ಬಣ್ಣ ಚೆನ್ನಾಗಿ ಕೂರುತ್ತದೆ ಎಂದ ಆರ್ವಿಲ್. ಬೆಚ್ಚಗಿದ್ದದ್ದು ಮನೆಯಲ್ಲಿ ಒಂದೇ, ಹೆಂಡತಿ ಡಾರ್ಲಾಳ ಓವನ್. ಅದರೊಳಗೆ ಅವಳ ಅಮ್ಮನಿಗೆಂದೇ ಮಾಡಿದ ಈಸ್ಟರ್ ಬ್ರೆಡ್ಡು ಉಬ್ಬುತ್ತಿತ್ತು. ಪಿಸ್ತೂಲಿನಿಂದ ಬಿಚ್ಚಿದ ಕೊಳವೆಯನ್ನು ಅದರ ಪಕ್ಕದಲ್ಲೇ ಮಲಗಿಸಿದರು. ಕೊನೆಗೆ ಕೊಳವೆಗೆ ಎಳೆ ಬದನೆಕಾಯಿಯ ಬಣ್ಣ ಬಂತು, ಬ್ರೆಡ್ಡಿಗೆ ಬಸ್ ಡಿಪೋದ ವಾಸನೆ ಬಂತು. ಆರ್ವಿಲನಿಗೆ ಮನೆಯಲ್ಲಿ ಕೆಲಸ ನೆನಪಾಯಿತು.

ಡಾರ್ಲಾ ಕೂಗಾಡಲಿಲ್ಲ. "ಬ್ರೆಡ್ ಹೋಯ್ತು. ಹ್ಯಾಮ್ ಇಲ್ದೆ ಬಂದ್ರೆ ನಾಳೆ ಅಮ್ಮಂಗೆ ನಿನ್ನನ್ನೇ ಬಡಿಸ್ತೀನಿ," ಎಂದಳು.

ಕ್ಲಬ್ಬಿನಲ್ಲಿ ಎರಡು ವರ್ಗ. ಪಳಗಿದ ಕೈಗಳದ್ದು ಮೇಲಿನದು, ನಡುಗುವ ಕೈಗಳದ್ದು ಕೆಳಗಿನದು. ಎರಡರಲ್ಲೂ ಮೊದಲು ಬಂದವರಿಗೆ ಒಂದೊಂದು ಹ್ಯಾಮ್. ವೆಂಡೆಲ್ ಕೆಳಗಿನದರ ಕಾಯಂ ಸದಸ್ಯ. ಬದನೆಕಾಯಿ ಪಿಸ್ತೂಲು ನೋಡಿ ನಕ್ಕವರೆಲ್ಲ ಅವನು ಹೊಡೆಯತೊಡಗಿದಾಗ ಹಲ್ಲು ಒಳಗೆಳೆದುಕೊಂಡರು. ಕುದುರೆ ಮನಸ್ಸಿನ ಮಾತು ಕೇಳಿದಂತೆ ಓಡಿತು. ಕೆಳಗಿನ ವರ್ಗದ ಎಲ್ಲರೂ ಅವನಿಗಿಂತ ಎಷ್ಟೋ ಹಿಂದೆ ಉಳಿದರು. ಅವರಲ್ಲಿ ಮುಂದಿದ್ದವನು ಆರ್ವಿಲ್.

ವೆಂಡೆಲ್ ಹ್ಯಾಮಿನತ್ತ ನಡೆದ. ಅಧ್ಯಕ್ಷೆ ಬರ್ನೀಸ್ ಅಡ್ಡ ನಿಂತರು. ಶಾಲೆಯ ಅಡುಗೆಮನೆಯಲ್ಲಿ, ಊಟಕ್ಕೆ ಎರಡನೇ ಸಲ ಸಾಲಿಗೆ ಬರುವ ಮಕ್ಕಳನ್ನು ಹಿಡಿದೇ ನಿವೃತ್ತರಾದ ಹೆಂಗಸು.

"ವರ್ಷವೆಲ್ಲ ಸೋತ ಹಾಗೆ ನಟಿಸಿ, ಹ್ಯಾಮ್ ಕಂಡ ದಿನ ಕೈಚಳಕ ತೋರ್ಸೋರನ್ನ ನಾನು ನೋಡಿದೀನಪ್ಪ. ನಿನ್ನ ಅಂಕ ಮೇಲಿನ ವರ್ಗಕ್ಕೆ ಹೋಗುತ್ತೆ."

ಮೇಲಿನ ವರ್ಗದಲ್ಲಿ ಆ ಅಂಕಕ್ಕೆ ಕೊನೆಯ ಸ್ಥಾನ. ಇದು ನನ್ನ ಕೈಯ ಗುಣವಲ್ಲ, ಕುದುರೆಯ ಗುಣ ಎಂದು ವೆಂಡೆಲ್ ಗೋಗರೆದ. ತನಗೆ ಏನೂ ಬರುವುದಿಲ್ಲವೆಂದು ಅಷ್ಟು ಜನರ ಮುಂದೆ ವಾದಿಸಿದ. ಬರ್ನೀಸ್ ಯೋಚಿಸಿ, ಕಲಿಯುವವರಿಗೆ ಕೊಡುವ ಕ್ಲಬ್ಬಿನ ಪಿಸ್ತೂಲು ತರಿಸಿದರು. ಅದರ ಕುದುರೆ ಎಳೆಯಲು ಎರಡು ಬೆರಳು, ಒಂದು ಪ್ರಾರ್ಥನೆ ಬೇಕು.

"ಇದ್ರಲ್ಲಿ ಐದು ಗುಂಡು ಹೊಡಿ. ನಿನ್ನ ಹಳೇ ಕೈಯೇ ಆಗಿದ್ರೆ ಹ್ಯಾಮ್ ತಗೊಂಡು ಹೋಗು."

ವೆಂಡೆಲನಿಗೆ ಜೀವ ಬಂತು. ಬೇಕೆಂದೇ ತಪ್ಪಿಸುವ ಅಗತ್ಯವೂ ಇರಲಿಲ್ಲ. ತಪ್ಪಿಸುವುದರಲ್ಲಿ ಅವನಿಗೆ ಜೀವಮಾನದ ಅನುಭವವಿತ್ತು. ಗುರಿ ತಪ್ಪೀತೆಂಬ ಭಯವಿಲ್ಲದೆ ಅವನು ಪಿಸ್ತೂಲು ಹಿಡಿದದ್ದು ಇದೇ ಮೊದಲು. ಉಸಿರು ಹಗುರಾಯಿತು, ಭುಜ ಇಳಿಯಿತು, ಮೊಣಕೈ ನಡುಕ ಮರೆಯಿತು. ಆರಾಮವಾಗಿ ಐದೂ ಹೊಡೆದು, ಹ್ಯಾಮ್ ಇಡಲು ಚೀಲ ಬಿಡಿಸಿದ.

ಗುರಿಯ ಕಾಗದ ತಂದರು. ಐದೂ ಗುಂಡು ಕರಿ ಚುಕ್ಕೆಯ ನಟ್ಟನಡುವೆ, ಒಂದರ ಬೆನ್ನ ಮೇಲೊಂದು ಕೂತಿದ್ದವು. ಅಂಥದ್ದನ್ನು ಮೇಲಿನ ವರ್ಗದವರೂ ಆ ದಿನ ಹೊಡೆದಿರಲಿಲ್ಲ.

ಆರ್ವಿಲ್ ಹತ್ತಿರ ಬಂದು, "ಇಷ್ಟು ವರ್ಷ ನನ್ನತ್ರಾನೂ ಮುಚ್ಚಿಟ್ಯಲ್ಲೋ," ಎಂದು ನೊಂದುಕೊಂಡು, ಹ್ಯಾಮ್ ಎತ್ತಿಕೊಂಡು ಹೋದ. ಬರ್ನೀಸ್ ವೆಂಡೆಲನನ್ನು ಶಾಶ್ವತವಾಗಿ ಮೇಲಿನ ವರ್ಗಕ್ಕೆ ಹಾಕಿದರು.

ಮನೆಗೆ ಬಂದಾಗ ಅತ್ತೆ ಒಂದು ದಿನ ಮೊದಲೇ ಬಂದು ಕೂತಿದ್ದರು. ಡಾರ್ಲಾ ಖಾಲಿ ಚೀಲ ನೋಡಿದಳು. ವೆಂಡೆಲ್ ನಡೆದದ್ದನ್ನೆಲ್ಲ ಹೇಳಿದ: ಚೆನ್ನಾಗಿ ಹೊಡೆದದ್ದಕ್ಕೆ ಹ್ಯಾಮ್ ಹೋಯಿತು, ಕೆಟ್ಟದಾಗಿ ಹೊಡೆದಿದ್ದರೆ ಸಿಗುತ್ತಿತ್ತು, ಅದಕ್ಕೂ ಅವಕಾಶ ಕೊಟ್ಟಿದ್ದರು.

ಅತ್ತೆ ಮಗಳ ಕಡೆ ತಿರುಗಿದರು.

"ಇವನಿಗೆ ಗೆಲ್ಲೋಕೆ ಬರಲ್ಲ ಅಂತ ಮದುವೆಗೆ ಮುಂಚೇನೇ ಹೇಳಿದ್ದೆ. ನೆಟ್ಟಗೆ ಸೋಲೋಕೂ ಬರಲ್ಲ ಅಂತ ನಂಗೂ ಗೊತ್ತಿರಲಿಲ್ಲ ಕಣೇ."